ಬೆಂಕಿ ಬಿದ್ದ ಗುಡ್ಡೆ, ಬರಲಿರುವ ಮಳೆ: ಕಾಲುದಾರಿಯನ್ನೂ ಇಳಿಜಾರನ್ನೂ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಗುಡ್ಡೆಗಳಿಗೆ ಬೆಂಕಿ ಬೀಳುವುದು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ. ಮುಳಿಹುಲ್ಲು ಒಣಗಿ ನಿಂತಿರುತ್ತದೆ. ಗೇರುಬೀಜ ಹೆಕ್ಕಲು ಸುಲಭವಾಗಲೆಂದು ಮರದಡಿಯ ತರಗೆಲೆ ಗುಡಿಸಿ ಕಡ್ಡಿ ಗೀರುವವರಿದ್ದಾರೆ, ಸೂರ್ಯಾಸ್ತ ನೋಡಲು ಬಂದು ಸಿಗರೇಟಿನ ತುಂಡು ಎಸೆದು ಹೋಗುವವರೂ ಇದ್ದಾರೆ. ಬೆಂಕಿ ಆರಿದ ಮರುದಿನ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಏಳುವ ಮಾತು ಮಾತ್ರ ಯಾವಾಗಲೂ ಒಂದೇ: ಗಿಡ ನೆಡೋಣ.

ಗಿಡದ ಮಾತು ಆಮೇಲೆ. ಜೂನ್ ಆರಂಭಕ್ಕೆ ಮುಂಗಾರು ಬರುತ್ತದೆ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆಯಾಗುವ ಜಿಲ್ಲೆ ನಮ್ಮದು, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಮೈಮೇಲಿನ ಹುಲ್ಲು ಕಳೆದುಕೊಂಡ ಇಳಿಜಾರಿನ ಮೇಲೆ ಆ ಮಳೆ ನೇರವಾಗಿ ಬಿದ್ದರೆ, ಬೆಂಕಿ ಉಳಿಸಿದ್ದನ್ನು ನೀರು ಕೊಚ್ಚಿಕೊಂಡು ಹೋಗುತ್ತದೆ. ಮೊದಲು ಕೊಚ್ಚಿ ಹೋಗುವುದು ಕಾಲುದಾರಿ. ಜನ ತುಳಿದು ಗಟ್ಟಿಯಾದ, ಸುತ್ತಲಿನ ನೆಲಕ್ಕಿಂತ ತಗ್ಗಾದ ಜಾಗ ಅದು. ನೀರಿಗೆ ಸಿದ್ಧವಾಗಿಟ್ಟ ಕಣಿ. ಹಾಗಾಗಿ ಬೆಂಕಿಗೂ ಮುಂಗಾರಿಗೂ ನಡುವೆ ಸಿಗುವ ವಾರಗಳಲ್ಲಿ ಮಾಡಬೇಕಾದದ್ದು ನೀರಿನ ಕೆಲಸ. ಉಳಿದದ್ದರಲ್ಲಿ ಅರ್ಧವನ್ನು ಗುಡ್ಡೆ ತಾನೇ ಮಾಡಿಕೊಳ್ಳುತ್ತದೆ, ನಾವು ಅಡ್ಡ ಬರದಿದ್ದರೆ.

ಇಲ್ಲಿ ಹೇಳುವುದು ಮುಖ್ಯವಾಗಿ ಪೈವಳಿಕೆ ಕಡೆಯ ಪೊಸಡಿ ಗುಂಪೆಯಂಥ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಗಳಿಗೆ, ಪದವುಗಳಿಗೆ, ಎಂದರೆ ಮುರಕಲ್ಲು ಹಾಸಿದ ಸಮತಟ್ಟು ಬಯಲುಗಳಿಗೆ. ರಾಣಿಪುರದಂಥ ಎತ್ತರದ ಹುಲ್ಲುಗಾವಲಿಗೆ ಮತ್ತು ಅದರ ಕಣಿವೆಗಳಲ್ಲಿ ಬೆಳೆಯುವ ಶೋಲ ಕಾಡಿಗೆ ಏನು ಬದಲಾಗುತ್ತದೆ ಎಂಬುದನ್ನು ಕೊನೆಯ ಕಡೆಗೆ ಬೇರೆಯಾಗಿ ಹೇಳಿದ್ದೇನೆ.

ಮೊದಲ ಹಂತ: ಜಾಗ ಯಾರದ್ದು?

ಒಂದೇ ಗುಡ್ಡೆಯಲ್ಲಿ ಒಂದು ಮಗ್ಗುಲು ಮೀಸಲು ಅರಣ್ಯ, ಇನ್ನೊಂದು ಕಂದಾಯ ಇಲಾಖೆಯ ಜಾಗ, ಕೆಳಗೆ ಗೇರು ತೋಟ, ಅದರಾಚೆ ಪಟ್ಟಾ ಭೂಮಿ ಇರುವುದು ನಮ್ಮಲ್ಲಿ ಮಾಮೂಲು. ವಿಲೇಜ್ ಆಫೀಸಿನಲ್ಲಿ ಸರ್ವೆ ನಂಬ್ರ ನೋಡಿಸಿಕೊಳ್ಳಿ. ಮೀಸಲು ಅರಣ್ಯವಾದರೆ ರೇಂಜ್ ಆಫೀಸಿನ ಲಿಖಿತ ಅನುಮತಿ ಇಲ್ಲದೆ ಒಂದು ಗುದ್ದಲಿಯೂ ಬೀಳಬಾರದು. 1961ರ ಕೇರಳ ಅರಣ್ಯ ಕಾಯ್ದೆಯ ಪ್ರಕಾರ ಅಪ್ಪಣೆಯಿಲ್ಲದೆ ಅಲ್ಲಿ ಅಗೆಯುವುದು, ಕಡಿಯುವುದು ಅಪರಾಧ. ಒಳ್ಳೆಯ ಉದ್ದೇಶಕ್ಕೆ ಅದರಲ್ಲಿ ರಿಯಾಯಿತಿ ಇಲ್ಲ. ವನ ಸಂರಕ್ಷಣಾ ಸಮಿತಿ ಇರುವ ಕಡೆ ಅದರ ಮೂಲಕ ಹೋದರೆ ಕೆಲಸ ಬೇಗ ಆಗುತ್ತದೆ. ಕಂದಾಯ ಜಾಗವಾದರೆ ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಜೊತೆಗೆ ಸೇರಿಸಿಕೊಳ್ಳಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಅದು ಇರಬೇಕು. ಹೆಸರಿಗೆ ಮಾತ್ರ ಇರುವಲ್ಲಿ ಅದಕ್ಕೊಂದು ಕೆಲಸ ಕೊಟ್ಟಂತೆಯೂ ಆಯಿತು.

ಎರಡನೆಯ ಹಂತ: ಕಾಲಿಡುವ ಮುನ್ನ

ಹೊಗೆ ನಿಂತಿತು ಎಂದರೆ ಬೆಂಕಿ ಆರಿತು ಎಂದರ್ಥವಲ್ಲ. ಹುಲ್ಲಿನ ಬೆಂಕಿ ನಿಮಿಷಗಳಲ್ಲಿ ಹಾದುಹೋಗುತ್ತದೆ. ಬಿದ್ದ ಮರದ ದಿಮ್ಮಿ, ಹಳೆ ಬುಡ, ಬಿದಿರಿನ ಹಿಂಡಿಲುಗಳ ಒಳಗೆ ಕೆಂಡ ದಿನಗಟ್ಟಲೆ ಇರುತ್ತದೆ. ಎಲ್ಲಕ್ಕಿಂತ ಮೋಸದ್ದು ನೆಲದೊಳಗೆ ಬೇರು ಉರಿದು ಉಂಟಾಗುವ ಟೊಳ್ಳು. ಮೇಲೆ ಬೂದಿ ಸಮತಟ್ಟಾಗಿ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲಿನ ತನಕ ಕೆಂಡಕ್ಕೆ ಇಳಿಯುತ್ತದೆ. ಮುಂದೆ ನಡೆಯುವವರ ಕೈಯಲ್ಲಿ ಉದ್ದದ ಕೋಲಿರಲಿ, ಬುಡಗಳ ಸುತ್ತ ಚುಚ್ಚಿ ನೋಡುತ್ತಾ ಹೋಗಲಿ. ಅನುಮಾನ ಬಂದಲ್ಲಿ ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದರೆ ಬಿಸಿ ಗೊತ್ತಾಗುತ್ತದೆ. ರಬ್ಬರ್ ಚಪ್ಪಲಿ ಬೇಡ, ಪಾಲಿಯೆಸ್ಟರ್ ಬಟ್ಟೆ ಬೇಡ.

ಬುಡ ಸುಟ್ಟು ಒಳಗೆ ಪೊಳ್ಳಾದ ಮರಗಳನ್ನು ಗುರುತು ಮಾಡಿ. ಅಂಥ ಮರದ ಎತ್ತರದ ಒಂದೂವರೆ ಪಟ್ಟು ದೂರದೊಳಗೆ ಯಾರೂ ಕೆಲಸಕ್ಕೆ ನಿಲ್ಲಬಾರದು, ಊಟಕ್ಕೂ ಕೂರಬಾರದು. ದಾರಿಯ ಮೇಲೆ ಬೀಳಬಹುದಾದದ್ದನ್ನು ಮಾತ್ರ ಕಡಿಸಿ. ದಾರಿಯಿಂದ ದೂರ ಇರುವ ಸತ್ತ ಮರ ಹಾಗೇ ನಿಂತಿರಲಿ, ಮರಕುಟಿಗಕ್ಕೂ ಕುಟ್ರುಹಕ್ಕಿಗೂ ಅದು ಮನೆ.

ಮಧ್ಯಾಹ್ನ ಗಾಳಿ ಏಳುವ ಮೊದಲು ಕೆಳಗಿಳಿಯುವುದು ರೂಢಿಯಾಗಲಿ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಿಗರು ಸಿಕ್ಕಿಬಿದ್ದದ್ದು ಒಣಹುಲ್ಲಿನ ಇಳಿಜಾರಿನಲ್ಲೇ. ಬೆಂಕಿ ಮೇಲ್ಮುಖವಾಗಿ ಮನುಷ್ಯನಿಗಿಂತ ವೇಗವಾಗಿ ಏರುತ್ತದೆ. ಸುಟ್ಟ ಜಾಗದ ಪಕ್ಕದಲ್ಲಿ ಸುಡದೆ ಉಳಿದ ಹುಲ್ಲು ಇದ್ದರೆ ಅಪಾಯ ಇನ್ನೂ ಬಾಕಿ ಇದೆ.

ಮೂರನೆಯ ಹಂತ: ಎಲ್ಲಿ ಎಷ್ಟು ಸುಟ್ಟಿದೆ?

ಗುಡ್ಡೆ ಇಡೀ ಕಪ್ಪಾಗಿದೆ ಎಂದರೆ ಇಡೀ ಗುಡ್ಡೆ ಹಾಳಾಗಿದೆ ಎಂದಲ್ಲ. ಉಪಗ್ರಹ ಕಂಡ ಬೆಂಕಿಯನ್ನು ನಕ್ಷೆಯಲ್ಲಿ ತೋರಿಸುವ ನಾಸಾದ ಫರ್ಮ್ಸ್ (FIRMS) ಜಾಲತಾಣದಲ್ಲಿ ಬೆಂಕಿಯ ತಾರೀಕು, ಹೊತ್ತು ಸಿಗುತ್ತದೆ. ಆದರೆ ಅದರಲ್ಲಿ ಕಾಣುವ ಒಂದು ಚುಕ್ಕೆ ಎಂದರೆ 375 ಮೀಟರ್ ಚೌಕ. ನಮ್ಮ ಗುಡ್ಡೆಯ ಬೆಂಕಿಗೆ ಒಂದೋ ಎರಡೋ ಚುಕ್ಕೆ ಬಿದ್ದಾವು, ಬೀಳದೆಯೂ ಇದ್ದೀತು. ಗಡಿ ಗೊತ್ತಾಗಬೇಕಾದರೆ ಮೊಬೈಲ್ ಜಿಪಿಎಸ್ ಹಾಕಿಕೊಂಡು ಸುಟ್ಟ ಅಂಚಿನಲ್ಲೇ ನಡೆಯಬೇಕು.

ನಡೆಯುವಾಗ ನೋಡಬೇಕಾದದ್ದು ಬೂದಿಯ ಬಣ್ಣ. ಕಪ್ಪು ಬೂದಿಯಲ್ಲಿ ಅರೆಸುಟ್ಟ ಹುಲ್ಲುಕಡ್ಡಿ ಸಿಕ್ಕಿದರೆ ಬೆಂಕಿ ಲಘುವಾಗಿ ಹಾದುಹೋಗಿದೆ. ಬಿಳಿ ಬೂದಿ ಇದ್ದಲ್ಲಿ ಎಲ್ಲವೂ ಪೂರ್ತಿ ಉರಿದಿದೆ, ಅಂಥ ಕಡೆ ತಾಪ ಕೆಳಗಿಳಿದಿರುತ್ತದೆ. ಮಣ್ಣು ಕೆಂಪಾದರೆ ತೀವ್ರ ಸುಟ್ಟಿದೆ ಎಂದು ಹೊರದೇಶದ ಕೈಪಿಡಿಗಳು ಹೇಳುತ್ತವೆ. ನಮ್ಮ ಮಣ್ಣು ಹುಟ್ಟಿನಿಂದಲೇ ಕೆಂಪು, ಆ ಲಕ್ಷಣ ಇಲ್ಲಿ ಪ್ರಯೋಜನಕ್ಕೆ ಬಾರದು. ಅದರ ಬದಲು ನಾಲ್ಕು ಬೆರಳಿನಷ್ಟು ಅಗೆದು ಹುಲ್ಲಿನ ಸಣ್ಣ ಬೇರುಗಳನ್ನು ಎಳೆದು ನೋಡಿ. ಬಾಗಿ ಎಳೆಯಾಗಿ ಬಂದರೆ ಜೀವ ಇದೆ. ಬೆರಳಿನ ನಡುವೆ ಪುಡಿಯಾದರೆ ಅಲ್ಲಿ ಕೆಲಸ ಇದೆ.

ಇನ್ನೊಂದು ಪರೀಕ್ಷೆ ನೀರಿನದ್ದು. ಬೆಂಕಿಯ ತಾಪಕ್ಕೆ ಎಲೆ, ತೊಗಟೆಯಲ್ಲಿರುವ ಮೇಣದಂಥ ಅಂಶ ಆವಿಯಾಗಿ ಮಣ್ಣಿಗಿಳಿದು, ತಣ್ಣಗಿರುವ ಪದರದಲ್ಲಿ ಮತ್ತೆ ಕೂತುಕೊಳ್ಳುತ್ತದೆ. ಆಗ ಆ ಮಣ್ಣಿಗೆ ನೀರು ಇಳಿಯುವುದಿಲ್ಲ. ಪರೀಕ್ಷೆ ಹೀಗೆ: ಬೂದಿಯನ್ನು ಕೈಯಿಂದ ಮೆಲ್ಲಗೆ ಸರಿಸಿ, ಬರಿ ಮಣ್ಣಿನ ಮೇಲೆ ಬಾಟಲಿಯ ಮುಚ್ಚಳದಿಂದ ಒಂದು ಹನಿ ಬಿಡಿ. ಹನಿ ತಕ್ಷಣ ಇಂಗಿದರೆ ತೊಂದರೆಯಿಲ್ಲ. ಐದು ಸೆಕೆಂಡು ದಾಟಿಯೂ ಮುತ್ತಾಗಿ ನಿಂತಿದ್ದರೆ ಮಣ್ಣು ನೀರು ಒಲ್ಲೆ ಎನ್ನುತ್ತಿದೆ. ಒಂದು ನಿಮಿಷ ದಾಟಿದರೆ ಗಂಭೀರ. ಮೇಲ್ಮೈಯಲ್ಲಿ ಇಂಗಿತೆಂದು ಬಿಡಬೇಡಿ. ಒಂದು ಸೆಂಟಿಮೀಟರ್ ಕೆರೆದು ಮತ್ತೊಂದು ಹನಿ, ಇನ್ನೊಂದು ಸೆಂಟಿಮೀಟರ್ ಕೆರೆದು ಮಗದೊಂದು. ಅಕೇಶಿಯಾ ನೆಡುತೋಪು, ಗೇರು ಮರದಡಿ, ಬಿದಿರಿನ ಬುಡ, ಬರಿ ಹುಲ್ಲುಗಾವಲು, ಎಲ್ಲ ಕಡೆಯೂ ಬೇರೆ ಬೇರೆಯಾಗಿ ಮಾಡಿ. ತರಗೆಲೆ ದಪ್ಪಕ್ಕೆ ಬಿದ್ದಿದ್ದ ಮರದಡಿಯಲ್ಲಿ ಹನಿ ನಿಲ್ಲುವುದು ಹೆಚ್ಚು, ಬರಿ ಹುಲ್ಲಿದ್ದಲ್ಲಿ ಕಡಿಮೆ.

ಇಷ್ಟಾದ ಮೇಲೆ ಒಂದು ಕಾಗದದಲ್ಲಿ ದಾರಿಯ ಉದ್ದಕ್ಕೂ ಗುರುತು ಹಾಕಿ: ಇಲ್ಲಿ ನೀರು ಕೊರೆಯುತ್ತದೆ, ಇಲ್ಲಿ ಮೇಲಿಂದ ಕಲ್ಲು ಉರುಳಬಹುದು, ಇಲ್ಲಿ ಮರದ ಮೆಟ್ಟಿಲು ಸುಟ್ಟಿದೆ, ಇಲ್ಲಿ ಏನೂ ಮಾಡಬೇಕಿಲ್ಲ. ಕೊನೆಯ ಗುರುತು ಎಷ್ಟು ಹೆಚ್ಚು ಬೀಳುತ್ತದೋ ಅಷ್ಟು ಒಳ್ಳೆಯದು.

ಟಿಟ್ಟಿಭ ಹಕ್ಕಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಾರ್ಚಿನಿಂದ ಮಳೆಗಾಲದವರೆಗೆ ಅದು ಬರಿ ನೆಲದಲ್ಲಿ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ನಾಲ್ಕು. ಹರಳುಕಲ್ಲಿನ ನಡುವೆ ಬೂದು-ಕಂದು ಚುಕ್ಕೆಯ ಮೊಟ್ಟೆ ಕಣ್ಣಿಗೆ ಬೀಳುವುದೇ ಇಲ್ಲ. ಹಕ್ಕಿ ತಲೆಯ ಮೇಲೆ ಸುತ್ತುತ್ತಾ ಕಿರುಚುತ್ತಿದ್ದರೆ ಅಲ್ಲೇ ನಿಂತು ಕಾಲಡಿ ನೋಡಿ. ಗೂಡಿನ ಸುತ್ತ ಇಪ್ಪತ್ತು ಹೆಜ್ಜೆ ಜಾಗ ಬಿಟ್ಟು ಕೆಲಸ ಮುಂದುವರಿಸಿ.

ನಾಲ್ಕನೆಯ ಹಂತ: ದಾರಿಯಿಂದ ನೀರನ್ನು ಹೊರಗೆ ಹಾಕುವುದು

ಸಮಯವಾಗಲೀ ಆಳುಗಳಾಗಲೀ ಕಡಿಮೆಯಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು ಇದೊಂದನ್ನು ಮಾಡಿ. ಪಿಕ್ಕಾಸು, ಗುದ್ದಲಿ, ಕತ್ತಿ, ಬುಟ್ಟಿ, ಮೇಸ್ತ್ರಿಗಳ ಲೆವೆಲ್ ಪೈಪು, ಹತ್ತು ಮೀಟರ್ ಹಗ್ಗ: ಇಷ್ಟೇ ಸಾಮಾನು.

ಮೊದಲು ಇಳಿಜಾರು ಅಳೆಯಿರಿ. ದಾರಿಯ ಮೇಲೆ ಹತ್ತು ಮೀಟರ್ ಹಗ್ಗ ಎಳೆದು ಎರಡು ತುದಿಯಲ್ಲೂ ಕೋಲು ನಿಲ್ಲಿಸಿ, ಪೈಪಿಗೆ ಗುಳ್ಳೆಯಿಲ್ಲದಂತೆ ನೀರು ತುಂಬಿ, ಎರಡೂ ಕಡೆ ನೀರಿನ ಮಟ್ಟಕ್ಕೆ ಗುರುತು ಹಾಕಿ. ಕೆಳಗಿನ ಕೋಲಿನಲ್ಲಿ ನೆಲದಿಂದ ಗುರುತಿಗಿರುವ ಎತ್ತರ ಮೇಲಿನದಕ್ಕಿಂತ ಒಂದು ಮೀಟರ್ ಹೆಚ್ಚಿದ್ದರೆ ಅದು ಶೇ. 10ರ ಇಳಿಜಾರು. ಮೊಬೈಲ್ ಆ್ಯಪುಗಳೂ ಇವೆ, ಆದರೆ ಪೈಪು ಸುಳ್ಳು ಹೇಳುವುದಿಲ್ಲ.

ಎರಡನೆಯದು, ದಾರಿಯ ಹೊರ ಅಂಚನ್ನು ನೋಡಿ. ವರ್ಷಗಟ್ಟಲೆ ತುಳಿದು ನಡು ತಗ್ಗಿ, ಕಣಿವೆ ಕಡೆಯ ಅಂಚಿನಲ್ಲಿ ಮಣ್ಣಿನ ದಿಂಡು ಎದ್ದಿರುತ್ತದೆ. ನೀರು ಹೊರಗೆ ಹೋಗದಂತೆ ತಡೆಯುವುದು ಅದೇ. ಅದನ್ನು ಕಡಿದು ಆ ಮಣ್ಣನ್ನು ದಾರಿಯ ಒಳಬದಿಗೆ ತುಂಬಿ ತುಳಿಯಿರಿ. ಒಂದು ಮೀಟರ್ ಅಗಲದ ದಾರಿ ಹೊರಬದಿಗೆ ಐದು ಸೆಂಟಿಮೀಟರ್ ವಾಲಿದರೆ ಸಾಕು. ಸರಿಯಾಯಿತೋ ಇಲ್ಲವೋ ನೋಡಲು ಒಂದು ಗೋಟಡಿಕೆ ಬಿಡಿ: ದಾರಿಯ ಉದ್ದಕ್ಕೆ ಉರುಳಿದರೆ ಕೆಲಸ ಮುಗಿದಿಲ್ಲ, ಹೊರಬದಿಗೆ ಓರೆಯಾಗಿ ಉರುಳಿ ಕಣಿವೆಗೆ ಬಿದ್ದರೆ ಮುಂದಕ್ಕೆ ಹೋಗಬಹುದು.

ಇಳಿಜಾರು ಹೆಚ್ಚಿದ್ದಲ್ಲಿ ವಾಲಿಸುವುದೊಂದೇ ಸಾಲದು, ಅಡ್ಡ ಕಣಿ ಬೇಕು. ದಾರಿಗೆ ನೇರ ಅಡ್ಡವಾಗಿ ಕಣಿ ಹಾಕುವುದು ಎಲ್ಲರೂ ಮಾಡುವ ತಪ್ಪು. ನೀರು ಅಲ್ಲಿ ನಿಂತು ಹೂಳು ತುಂಬಿ ಎರಡನೇ ಮಳೆಗೆ ಮೇಲಿಂದ ಹಾರುತ್ತದೆ. ದಾರಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಾಕಿದರೆ ನೀರು ನಿಲ್ಲದೆ ಹರಿದು ತನ್ನ ಹೂಳನ್ನು ತಾನೇ ತಳ್ಳಿಕೊಂಡು ಹೋಗುತ್ತದೆ. ಆಳ ಒಂದು ಗೇಣು. ಅಗೆದ ಮಣ್ಣನ್ನು ಕಣಿಯ ಕೆಳಬದಿಗೆ ದಿಂಡಾಗಿ ಹಾಕಿ ಒದ್ದೆ ಮಾಡಿ ಗುದ್ದಿ. ಕಲ್ಲು ಹಾಕುವುದಾದರೆ ಮುರಕಲ್ಲಿನ ತುಂಡುಗಳನ್ನು ಮೂರರಲ್ಲಿ ಎರಡು ಪಾಲು ನೆಲದೊಳಗೆ ಹೂತು, ಮೇಲಿನ ಕಲ್ಲು ಕೆಳಗಿನದರ ಅಂಚನ್ನು ಮುಚ್ಚುವಂತೆ, ಮಾಡಿಗೆ ಹಂಚು ಹೊದೆಸುವ ಕ್ರಮದಲ್ಲಿ ಕೂರಿಸಿ. ಮೇಲೆ ನಿಂತು ಕುಣಿದರೂ ಅಲುಗಾಡಬಾರದು. ಕಣಿಯ ಬಾಯಿ ದಾರಿಯ ಅಂಚಿನಿಂದ ಅರ್ಧ ಮೀಟರ್ ಆಚೆಗೆ ಹೋಗಲಿ, ನೀರು ಬೀಳುವಲ್ಲಿ ನಾಲ್ಕು ಕಲ್ಲು ಹರಡಿ, ಇಲ್ಲದಿದ್ದರೆ ಅಲ್ಲಿ ಹೊಸ ಕೊರಕಲು ಶುರುವಾಗುತ್ತದೆ.

ಎಷ್ಟು ದೂರಕ್ಕೊಂದು? ನಮ್ಮ ಮಳೆಗೆ ಶೇ. 10ರ ಇಳಿಜಾರಿನಲ್ಲಿ ಇಪ್ಪತ್ತು ಮೀಟರಿಗೊಂದು, ಶೇ. 20ರಲ್ಲಿ ಹತ್ತು ಮೀಟರಿಗೊಂದು ಎಂದಿಟ್ಟುಕೊಳ್ಳಿ. ತಿರುವಿನ ಮೇಲೆ, ಮೇಲಿಂದ ನೀರು ಬಂದು ಸೇರುವ ಜಾಗದ ಮೇಲೆ ಒಂದು ಹೆಚ್ಚು ಇರಲಿ. ಮುಗಿದ ಮೇಲೆ ಒಂದು ಕೊಡ ನೀರು ತಂದು ಮೇಲಿಂದ ಸುರಿದು ನೋಡಿ. ಕಾಲು ಗಂಟೆಯ ಕೆಲಸ. ಜೂನ್‌ನಲ್ಲಿ ಛತ್ರಿ ಹಿಡಿದು ಸರಿಪಡಿಸುವುದಕ್ಕಿಂತ ವಾಸಿ.

ದಾರಿಯೇ ತಪ್ಪಾಗಿ ಬಿದ್ದಿದ್ದರೆ ಕಣಿಯಿಂದ ಅದನ್ನು ಉಳಿಸಲಾಗದು. ಗುಡ್ಡೆಯ ಇಳಿಜಾರಿನ ಅರ್ಧಕ್ಕಿಂತ ಹೆಚ್ಚು ದಾರಿಯ ಇಳಿಜಾರು ಇರಬಾರದು ಎಂಬುದೊಂದು ಲೆಕ್ಕ. ಗುಡ್ಡೆಯ ಮೈ ಶೇ. 30 ಇದ್ದರೆ ದಾರಿ ಶೇ. 15 ಮೀರಬಾರದು, ಸರಾಸರಿ ಶೇ. 10ರ ಆಸುಪಾಸಿನಲ್ಲಿದ್ದರೆ ಬಹಳ ಬಾಳಿಕೆ. ತುದಿಗೆ ನೇರವಾಗಿ ಹತ್ತುವ ಅಡ್ಡದಾರಿಗಳೆಲ್ಲ ಈ ಲೆಕ್ಕದಲ್ಲಿ ಫೇಲು. ಹುಲ್ಲು ಸುಟ್ಟಾಗ ಅಂಥ ಹತ್ತಾರು ಅಡ್ಡದಾರಿಗಳು ಬರಿಗಣ್ಣಿಗೆ ಕಾಣುತ್ತವೆ, ಅವುಗಳನ್ನು ಮುಚ್ಚಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಬಾಯಿಯಲ್ಲಿ ಸುಟ್ಟ ಕೊಂಬೆ, ಚೂರಿಮುಳ್ಳು ಅಡ್ಡ ಹಾಕಿ, ಒಳಗೆ ಅಲ್ಲಲ್ಲಿ ಅಡ್ಡ ಕಲ್ಲಿಟ್ಟು ಬಿಡಿ.

ಮುರಕಲ್ಲಿನ ಹಾಸುಬಂಡೆ ಸಿಕ್ಕಿದಲ್ಲಿ ದಾರಿಯನ್ನು ಅದರ ಮೇಲೆಯೇ ಒಯ್ಯಿರಿ. ಬಂಡೆ ಎಷ್ಟು ತುಳಿದರೂ ಸವೆಯದು. ಅದರ ಪಕ್ಕದ ಎರಡಿಂಚು ಮಣ್ಣಿನಲ್ಲಿ ಇಡೀ ಮಳೆಗಾಲದ ಹೂವಿನ ಬೀಜ, ಗೆಡ್ಡೆ ಕೂತಿರುತ್ತದೆ. ದಾರಿ ತೋರಿಸಲು ಬಣ್ಣ ಬಳಿಯಬೇಡಿ, ಮೊಣಕಾಲೆತ್ತರದ ಕಲ್ಲಿನ ಗುಪ್ಪೆ ಸಾಕು. ಆ ಕಲ್ಲನ್ನೂ ಈಗಾಗಲೇ ಸಡಿಲವಾಗಿ ಬಿದ್ದದ್ದರಿಂದ ತನ್ನಿ. ಹೂತಿರುವ ಕಲ್ಲು ಎತ್ತಿದರೆ ಅದರಡಿಯಲ್ಲಿ ಬೆಂಕಿಯಿಂದ ಬಚಾವಾಗಿ ಕೂತ ಚೇಳು, ಕಪ್ಪೆ, ಹಾವುರಾಣಿ ಸಿಗುತ್ತವೆ. ಹಾವು ಸಿಕ್ಕಿದರೆ ಕೈ ಹಾಕದೆ ಕೇರಳ ಅರಣ್ಯ ಇಲಾಖೆಯ ಸರ್ಪ ಆ್ಯಪಿನಲ್ಲಿ ತಿಳಿಸಿ, ತರಬೇತಾದವರು ಬರುತ್ತಾರೆ.

ಐದನೆಯ ಹಂತ: ಇಳಿಜಾರು, ಕೊರಕಲು, ಸುರಂಗ

ಇಡೀ ಗುಡ್ಡೆಗೆ ಹೊದಿಕೆ ಹಾಕಲು ಯಾರಿಂದಲೂ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಹನಿ ನಿಂತ ಜಾಗ, ದಾರಿಯ ಮೇಲ್ಬದಿಯ ಎರಡು ಮೂರು ಮೀಟರ್, ಅಡ್ಡ ಕಣಿಗಳ ಬಾಯಿ, ತೋಡಿನ ದಂಡೆ: ಇಷ್ಟಕ್ಕೆ ಸಾಕು. ನಮ್ಮಲ್ಲಿ ಇದಕ್ಕೆ ಸಾಮಗ್ರಿ ಹುಡುಕಬೇಕಿಲ್ಲ. ಅಡಿಕೆ ಸೋಗೆ, ತೆಂಗಿನ ಮಡಲು ಪ್ರತಿ ತೋಟದಲ್ಲೂ ರಾಶಿ ಬಿದ್ದಿರುತ್ತವೆ. ಸೋಗೆಯನ್ನು ಇಳಿಜಾರಿಗೆ ಅಡ್ಡವಾಗಿ, ದಪ್ಪ ಬುಡ ಒಂದು ಕಡೆ, ತುದಿ ಇನ್ನೊಂದು ಕಡೆ ಬರುವಂತೆ ಹಾಸಿ, ಗಾಳಿಗೆ ಹಾರದಂತೆ ಕಲ್ಲು ಹೇರಿ. ನೆಲ ಮುಕ್ಕಾಲು ಪಾಲು ಮುಚ್ಚಿದರೆ ಸಾಕು. ಎರಡಿಂಚಿಗಿಂತ ದಪ್ಪವಾದರೆ ಅಡಿಯಲ್ಲಿ ಹುಲ್ಲು ಮೊಳೆಯದು. ಬೈಹುಲ್ಲು ಹಾಕುವವರು ಅದರಲ್ಲಿ ಕಳೆಬೀಜ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಅಕೇಶಿಯಾ ಕೊಂಬೆಗಳನ್ನು ಕೋಡುಗಳ ಸಮೇತ ತಂದು ಹಾಸಿದರೆ ಮುಂದಿನ ವರ್ಷದ ಕೆಲಸವನ್ನು ಕೈಯಾರೆ ಬಿತ್ತಿದಂತೆ. ತೀರಾ ಕಡಿದಾದ ದಂಡೆಗೆ ತೆಂಗಿನ ನಾರಿನ ಭೂವಸ್ತ್ರ ಹೊದೆಸಬಹುದು. ಉದ್ಯೋಗ ಖಾತರಿ ಕೆಲಸದಲ್ಲಿ ಕೇರಳದ ಪಂಚಾಯತುಗಳು ತೋಡು, ಕೆರೆಗಳ ದಂಡೆಗೆ ಅದನ್ನು ಹಾಸಿಸಿವೆ, ಹಾಗಾಗಿ ಪಂಚಾಯತು ಎಂಜಿನಿಯರಿಗೆ ಹೊಸದಾಗಿ ವಿವರಿಸಬೇಕಿಲ್ಲ.

ಸುಟ್ಟು ಬಿದ್ದ ಅಕೇಶಿಯಾ ದಿಮ್ಮಿಗಳು ಒಳ್ಳೆಯ ಉಪಯೋಗಕ್ಕೆ ಬರುತ್ತವೆ. ಲೆವೆಲ್ ಪೈಪಿನಿಂದ ಸಮಮಟ್ಟದ ಗೆರೆ ಹಿಡಿದು, ಆ ಗೆರೆಯಲ್ಲಿ ಅರ್ಧ ಗೇಣು ತೋಡಿ ದಿಮ್ಮಿ ಕೂರಿಸಿ, ಕೆಳಬದಿಗೆ ಗೂಟ ಹೊಡೆಯಿರಿ. ಅಡಿಯಲ್ಲಿ ಸಂದು ಉಳಿದರೆ ನೀರು ಅಲ್ಲಿಂದಲೇ ನುಗ್ಗುತ್ತದೆ, ಮಣ್ಣು ತುಂಬಿ ಗುದ್ದಬೇಕು. ಒಂದು ಸಾಲಿನ ಸಂದಿಗೆ ಎದುರಾಗಿ ಕೆಳಗಿನ ಸಾಲಿನ ದಿಮ್ಮಿ ಬರಲಿ. ಗೆರೆ ತಪ್ಪಿ ಓರೆಯಾದ ದಿಮ್ಮಿ ಇಲ್ಲದ್ದಕ್ಕಿಂತ ಕೇಡು, ನೀರನ್ನೆಲ್ಲ ಒಂದು ತುದಿಗೆ ಒಯ್ದು ಕೊರೆಯಿಸುತ್ತದೆ.

ಕೊರಕಲು ಈಗಾಗಲೇ ಇದ್ದರೆ ಮೇಲಿಂದ ಕೆಳಕ್ಕೆ ಸಣ್ಣ ಸಣ್ಣ ಕಲ್ಲಿನ ಕಟ್ಟಗಳನ್ನು ಹಾಕುತ್ತಾ ಬನ್ನಿ. ಬೇಸಗೆಯಲ್ಲಿ ತೋಡಿಗೆ ಕಟ್ಟ ಕಟ್ಟಿ ಬಲ್ಲ ಹಿರಿಯರು ಊರಿನಲ್ಲಿದ್ದರೆ ಅವರನ್ನು ಕರೆಯಿರಿ, ಕಲ್ಲು ಕೂರಿಸುವ ಕೈ ಅವರದ್ದು. ಎತ್ತರ ಎರಡಡಿ ಮೀರಬಾರದು. ನಡುಭಾಗ ಎರಡು ಬದಿಗಿಂತ ಒಂದು ಗೇಣು ತಗ್ಗಿರಬೇಕು, ಇಲ್ಲದಿದ್ದರೆ ನೀರು ಬದಿಯನ್ನು ಕೊರೆದು ಸುತ್ತು ಹಾಕುತ್ತದೆ. ಎರಡೂ ಬದಿಯ ಮಣ್ಣಿನೊಳಗೆ ಒಂದಡಿ ಹೊಕ್ಕಿರಲಿ. ಕೆಳಗಿನ ಕಟ್ಟದ ತಲೆ ಮೇಲಿನ ಕಟ್ಟದ ಬುಡದ ಮಟ್ಟಕ್ಕೆ ಬರುವಷ್ಟು ಅಂತರ. ದಂಡೆಯಲ್ಲಿ ಲಾವಂಚದ ಸಾಲು ನೆಟ್ಟರೆ ಎರಡು ವರ್ಷದಲ್ಲಿ ಬೇರು ಕಲ್ಲನ್ನು ಹಿಡಿದುಕೊಳ್ಳುತ್ತದೆ.

ಬಾಯಾರು, ಪಡ್ರೆ, ಶೇಣಿ ಕಡೆಯವರಿಗೆ ಈ ಕೆಲಸದಲ್ಲಿ ನೇರ ಲಾಭ ಇದೆ. ಅವರ ಮನೆ-ತೋಟದ ನೀರು ಬರುವುದೇ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ. ಪಂಪಿಲ್ಲದೆ ತಾನಾಗಿ ಹರಿದು ಬರುವ ಆ ನೀರು, ಮೇಲೆ ಪದವಿನಲ್ಲಿ ಮಳೆ ಇಂಗಿದರೆ ಮಾತ್ರ ಇರುತ್ತದೆ. ಬೋಳು ಗುಡ್ಡೆಯಿಂದ ನೀರು ಹರಿದು ತೋಡಿಗೆ ಹೋದರೆ ಮಾರ್ಚಿಗೆ ಸುರಂಗದಲ್ಲಿ ನೂಲಿನಷ್ಟು ನೀರು ಬಂದೀತು. ಗುಡ್ಡೆಗೆ ಆಳು ಬರುವುದಿಲ್ಲ ಎಂದು ಗೊಣಗುವ ಸಂಘಟಕರು ಚಾರಣದ ಮಾತು ಬಿಟ್ಟು ಸುರಂಗದ ಮಾತೆತ್ತಿ ನೋಡಲಿ. ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಿಬಿಡಿ: ತೋಡಿನಿಂದ ಪೈಪಿನಲ್ಲಿ ಕುಡಿಯುವ ನೀರು ತರುವವರು ಮೊದಲ ಕೆಲವು ಮಳೆಗೆ ಪೈಪು ಕಳಚಿಡಬೇಕು, ಬೂದಿಯ ನೀರು ಟಾಂಕಿಗೆ ಸೇರಬಾರದು.

ಆರನೆಯ ಹಂತ: ದಾರಿ ಮುಚ್ಚುವುದು

ಒಂದು ಮಳೆಗಾಲ ಪೂರ್ತಿ ಮುಚ್ಚಿ. ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ, ಏಕೆಂದರೆ ಜನ ಪೊಸಡಿ ಗುಂಪೆಗೆ ಮುಗಿಬೀಳುವುದು ಮಂಜು ಕವಿಯುವ ಆ ತಿಂಗಳುಗಳಲ್ಲೇ. ಪೂರ್ತಿ ಮುಚ್ಚಲಾಗದಿದ್ದರೆ ಒಂದೇ ಒಂದು ದಾರಿಯನ್ನು ಗಟ್ಟಿ ಮಾಡಿ ಬಿಟ್ಟು, ಉಳಿದವನ್ನು ಮುಚ್ಚಿ. ಗುಡ್ಡೆಯ ಮೇಲೆ ಜೀಪು, ಬೈಕು ಹತ್ತದಂತೆ ಬುಡದಲ್ಲೇ ಅಗಳು ತೋಡಿಸಿ. ಬೋರ್ಡು ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಒಂದೇ ಭಾಷೆಯ ಬೋರ್ಡನ್ನು ನಮ್ಮೂರಿನ ಅರ್ಧ ಜನ ತಮಗಲ್ಲ ಎಂದುಕೊಳ್ಳುತ್ತಾರೆ. "ಪ್ರವೇಶ ನಿಷೇಧ" ಎಂದಷ್ಟೇ ಬರೆದರೆ ಯಾರೂ ಕೇಳುವುದಿಲ್ಲ. ಯಾಕೆ, ಯಾವ ತಿಂಗಳವರೆಗೆ, ಅಷ್ಟರವರೆಗೆ ಬೇರೆಲ್ಲಿಗೆ ಹೋಗಬಹುದು ಎಂಬುದನ್ನೂ ಬರೆಯಿರಿ.

ಏಳನೆಯ ಹಂತ: ಮಳೆ ಹಿಡಿದ ಮೇಲೆ ಕಳೆ ಕೀಳುವುದು

ಮುಳಿಹುಲ್ಲು ಮೊದಲ ಮಳೆಗೇ ಬುಡದಿಂದ ಚಿಗುರುತ್ತದೆ. ನೆಲ್ಲಿ, ದಡ್ಡಾಲ, ಮತ್ತಿ, ಹೊನ್ನೆ ಇವೂ ದಪ್ಪ ತೊಗಟೆಯವು, ಬೆಂಕಿ ಕಂಡು ಅಭ್ಯಾಸವಾದವು. ಸತ್ತಿತೆಂದು ಕಾಣುವ ಮರದ ಬುಡದಲ್ಲಿ ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಕತ್ತಿ ಕೆಳಗಿಡಿ. ಒಂದು ಮಳೆಗಾಲ ಕಳೆಯುವ ಮೊದಲು ಯಾವ ಮರಕ್ಕೂ ಸತ್ತಿದೆ ಎಂದು ಷರಾ ಬರೆಯಬೇಡಿ.

ತೊಂದರೆ ಕೊಡುವುದು ಅಕೇಶಿಯಾ ಮತ್ತು ಕಮ್ಯುನಿಸ್ಟ್ ಗಿಡ (ಕ್ರೊಮೊಲೇನ ಎಂಬ ಕಳೆ). ಅಕೇಶಿಯಾ ಬೀಜದ ಸಿಪ್ಪೆ ಗಟ್ಟಿ. ಬೆಂಕಿಯ ಬಿಸಿಗೆ ಅದು ಬಿರಿದು, ವರ್ಷಗಳಿಂದ ಮಣ್ಣಿನಲ್ಲಿ ಮಲಗಿದ್ದ ಬೀಜವೆಲ್ಲ ಒಟ್ಟಿಗೆ ಮೊಳೆಯುತ್ತದೆ. ಜುಲೈ ಹೊತ್ತಿಗೆ ಸುಟ್ಟ ತೋಪಿನಡಿ ನೋಡಿದರೆ ಯಾರೋ ನರ್ಸರಿ ಮಾಡಿದ್ದಾರೆಯೇ ಎನಿಸುತ್ತದೆ. ಗೇಣುದ್ದವಾಗುವ ಮೊದಲು, ಮಣ್ಣು ಮೆತ್ತಗಿರುವಾಗ ಬೇರು ಸಮೇತ ಕಿತ್ತುಬಿಡಿ. ಆಗ ಮಕ್ಕಳ ಕೈಯಲ್ಲೂ ಬರುತ್ತದೆ, ಒಂದು ವರ್ಷ ಬಿಟ್ಟರೆ ಪಿಕ್ಕಾಸು ಬೇಕು. ಕಮ್ಯುನಿಸ್ಟ್ ಗಿಡ ಬುಡದಿಂದಲೇ ಮತ್ತೆ ಚಿಗುರುವುದರಿಂದ ಕತ್ತಿಯಲ್ಲಿ ಸವರಿದರೆ ಏನೂ ಆಗದು, ಗೆಡ್ಡೆ ಕೀಳಬೇಕು. ಡಿಸೆಂಬರ್ ಹೊತ್ತಿಗೆ ಹೂ ಬಿಟ್ಟು, ಬೀಜ ಗಾಳಿಗೆ ಹಾರಿ, ಗಿಡ ಒಣಗಿ ನಿಂತರೆ ಮುಂದಿನ ಬೆಂಕಿಗೆ ಅದೇ ಸೌದೆ. ಲಂಟಾನವನ್ನು ನೆಲದಿಂದ ಎರಡು ಮೂರು ಇಂಚು ಕೆಳಗೆ ಬೇರು ಕಡಿದು, ಪೊದೆಯನ್ನು ತಲೆಕೆಳಗಾಗಿ ಇಟ್ಟುಬಿಟ್ಟರೆ ಮತ್ತೆ ಚಿಗುರುವುದು ಬಹಳ ಕಡಿಮೆ.

ಕೆಲಸಕ್ಕೆ ಬಂದವರ ಬೂಟಿನ ಅಡಿಯ ಮಣ್ಣನ್ನು ಗುಡ್ಡೆಯ ಬುಡದಲ್ಲೇ ಉದುರಿಸಿ ಹತ್ತಿಸಿ. ಕಳೆ ಬರುವ ಒಂದು ದಾರಿ ಅದು.

ಎಂಟನೆಯ ಹಂತ: ಗಿಡ, ಎಲ್ಲಿ ಬೇಕೋ ಅಲ್ಲಿಗೆ ಮಾತ್ರ

ಪದವು ಖಾಲಿ ಜಾಗವಲ್ಲ. ಮಳೆಗಾಲದಲ್ಲಿ ಬಂಡೆಯ ತಗ್ಗುಗಳಲ್ಲಿ ನೀರು ನಿಂತು ಪಳ್ಳಗಳಾಗುತ್ತವೆ. ಅವುಗಳ ಅಂಚಿನಲ್ಲಿ, ಮಲಯಾಳದವರು ಕಾಕ್ಕಪ್ಪೂವು ಎನ್ನುವ, ಕೀಟ ತಿನ್ನುವ ಪುಟ್ಟ ನೀಲಿ ಹೂವು ಹರಡುತ್ತದೆ. ಆಗಸ್ಟಿನಲ್ಲಿ ಮಂಡಿಯೂರಿ ಒಂದು ಮೀಟರ್ ಚೌಕದಲ್ಲಿ ಎಷ್ಟು ಬಗೆಯ ಹುಲ್ಲು, ಹೂ ಇದೆ ಎಂದು ಎಣಿಸಿದವರು ಅಲ್ಲಿ ಗುಂಡಿ ತೋಡಿ ಮರ ನೆಡಲಾರರು. ಮರ ಬಂದರೆ ನೆರಳು ಬರುತ್ತದೆ, ನೆರಳಿನಲ್ಲಿ ಇವು ಯಾವುದೂ ಬದುಕವು. ಪತ್ರಿಕೆಗಳಲ್ಲಿ ಫೋಟೋ ಬರುವ ಬೀಜದುಂಡೆ ಎಸೆತವನ್ನು ನಾನು ಈ ಗುಡ್ಡೆಗಳಿಗೆ ಶಿಫಾರಸು ಮಾಡುವುದಿಲ್ಲ. ಯಾವ ಬೀಜ, ಎಲ್ಲಿ ಬಿತ್ತು, ಏನಾಯಿತು ಎಂದು ಆಮೇಲೆ ಯಾರೂ ನೋಡಲು ಹೋಗುವುದಿಲ್ಲ.

ನೆಡಬೇಕಾದ ಜಾಗ ಮೂರೇ: ತೋಡಿನ ದಂಡೆ, ಅಕೇಶಿಯಾ ತೆಗೆದ ಖಾಲಿ, ಮುಚ್ಚಿದ ಅಡ್ಡದಾರಿ. ತೋಡಿಗೆ ಮುಂಡುಗ, ಹೊಂಗೆ, ಹೊಳೆಮತ್ತಿ. ಗುಡ್ಡೆಯ ಬದಿಯ ಅಂಚಿಗೆ ಕುಂಟಾಲ, ಕೇಪಳ, ನೆಕ್ಕರಿಕ, ನೆಲ್ಲಿ, ಕಾಸರಕ. ಜಿಲ್ಲೆಯ ಅಧಿಕೃತ ಮರವೆಂದು ಜಿಲ್ಲಾ ಪಂಚಾಯತು ಘೋಷಿಸಿರುವ ಕಾಸರಕದ ಬೀಜ ವಿಷ. ಶಾಲೆಯ ಮಕ್ಕಳ ಕೈಯಲ್ಲಿ ಸಸಿ ಮಾಡಿಸುವವರು ಆ ಬೀಜವನ್ನು ದೊಡ್ಡವರ ಕೈಯಲ್ಲೇ ಇಟ್ಟುಕೊಳ್ಳಲಿ. ಬೀಜ ಅದೇ ಗುಡ್ಡೆಯದ್ದೋ ಪಕ್ಕದ ಗುಡ್ಡೆಯದ್ದೋ ಆಗಿರಲಿ. ಜೂನ್‌ನಲ್ಲಿ ಎರಡು ಮೂರು ಒಳ್ಳೆ ಮಳೆ ಬಿದ್ದು ಮಣ್ಣು ಒಳಗಿನವರೆಗೆ ನೆನೆದ ಮೇಲೆ, ಒಂದೂವರೆ ಅಡಿ ಗುಂಡಿಯಲ್ಲಿ ನೆಡಿ. ಪಿಕ್ಕಾಸು ಕಲ್ಲಿಗೆ ತಾಗಿ ಪುಟಿದರೆ ಅಲ್ಲಿ ಒತ್ತಾಯ ಮಾಡದೆ ಮಣ್ಣಿರುವ ಪಕ್ಕದ ಜಾಗ ನೋಡಿ. ಮುಂದಿನ ಎರಡು ಬೇಸಗೆಯಲ್ಲಿ ನೀರು ಹೊರುವವರು ಯಾರು ಎಂದು ಈಗಲೇ ಗೊತ್ತಿಲ್ಲದಿದ್ದರೆ ಸಸಿಗಳ ಸಂಖ್ಯೆ ಕಡಿಮೆ ಮಾಡಿ.

ರಾಣಿಪುರದಂಥ ಎತ್ತರದ ಬೆಟ್ಟಗಳಲ್ಲಿ

ಹಿಂದೆ ಮಾಡತ್ತುಮಲ ಎನ್ನುತ್ತಿದ್ದ ರಾಣಿಪುರದಲ್ಲಿ ಹುಲ್ಲುಗಾವಲೂ ಕಣಿವೆಗಳ ಶೋಲ ಕಾಡೂ ಅಕ್ಕಪಕ್ಕ ಇವೆ. ಅಲ್ಲಿನ ಹುಲ್ಲು, ನೆಲ ಈಚಲು ಬೆಂಕಿ ತಾಳಿಕೊಳ್ಳುತ್ತವೆ. ಶೋಲಕ್ಕೆ ಆ ಶಕ್ತಿ ಇಲ್ಲ. ಅಂಚಿನ ಎಳೆ ಸಸಿಗಳು ಸತ್ತರೆ ಕಾಡು ಪ್ರತಿ ಬೆಂಕಿಗೂ ಒಂದಿಷ್ಟು ಒಳಕ್ಕೆ ಸರಿಯುತ್ತದೆ. ಹಾಗಾಗಿ ಅಲ್ಲಿ ದಾರಿ ಶೋಲದ ಅಂಚಿನಲ್ಲೇ ಹೋಗುತ್ತಿದ್ದರೆ ಹುಲ್ಲಿನ ಕಡೆಗೆ ಕೆಲವು ಮೀಟರ್ ಸರಿಸಿ, ಅಂಚಿಗೆ ಉಸಿರಾಡಲು ಬಿಡಿ. ಹುಲ್ಲುಗಾವಲಿನಲ್ಲಿ ಸಸಿ ನೆಡಲೇಬೇಡಿ. ಆಚೆ ಕಡೆ ಕೊಡಗಿನ ತಲಕಾವೇರಿ ಅಭಯಾರಣ್ಯ ಇರುವುದರಿಂದ ಬೆಂಕಿಯ ಸುದ್ದಿ ಎರಡೂ ರಾಜ್ಯದ ಇಲಾಖೆಗಳಿಗೆ ಹೋಗಬೇಕು. ಆನೆ ಓಡಾಡುವ ಜಾಗ, ಸುಟ್ಟ ಮೇಲೆ ಬರುವ ಹಸಿ ಹುಲ್ಲಿಗೆ ಅವು ಮೇಯಲು ಬಂದಾವು. ಇಲಾಖೆಯ ವಾಚರ್ ಜೊತೆಯಲ್ಲಿಲ್ಲದೆ ಕೆಲಸಕ್ಕೆ ಹೋಗಬಾರದು. ಜಿಗಣೆಗೆ ಉಪ್ಪಿನ ಪೊಟ್ಟಣ ಇರಲಿ.

ಒಂಬತ್ತನೆಯ ಹಂತ: ಲೆಕ್ಕ ಇಡುವುದು, ತೆರೆಯುವುದು

ದಾರಿಯುದ್ದಕ್ಕೂ ಆರೇಳು ಜಾಗದಲ್ಲಿ ಒಂದೊಂದು ಕಲ್ಲಿಗೆ ಗುರುತು ಹಾಕಿ, ತಿಂಗಳಿಗೊಮ್ಮೆ ಅದೇ ಕಲ್ಲಿನ ಮೇಲೆ ನಿಂತು ಅದೇ ದಿಕ್ಕಿಗೆ ಫೋಟೋ ತೆಗೆಯಿರಿ. ಇಳಿಜಾರಿನಲ್ಲಿ ಅಲ್ಲಲ್ಲಿ ಒಂದಡಿ ಉದ್ದದ ಕಬ್ಬಿಣದ ಸರಳನ್ನು ತಲೆ ನೆಲಮಟ್ಟಕ್ಕೆ ಬರುವಂತೆ ಹೊಡೆದಿಟ್ಟರೆ ಮಣ್ಣು ಎಷ್ಟು ಹೋಯಿತೆಂದು ಸ್ಕೇಲಿನಲ್ಲಿ ಅಳೆಯಬಹುದು. ದೊಡ್ಡ ಮಳೆ ಬಂದ ಮರುದಿನ ಇಬ್ಬರು ಗುದ್ದಲಿ ಹಿಡಿದು ದಾರಿ ನಡೆದು ಅಡ್ಡ ಕಣಿಗಳ ಬಾಯಿ ಬಿಡಿಸಬೇಕು. ಇದನ್ನು ಮಾಡದಿದ್ದರೆ ಮೇ ತಿಂಗಳ ಶ್ರಮವೆಲ್ಲ ಹೂಳು.

ಅಕ್ಟೋಬರ್ ಕಳೆದ ಮೇಲೆ ಸುಟ್ಟ ಜಾಗದ ಮೂರರಲ್ಲಿ ಎರಡು ಪಾಲು ನೆಲ ಹುಲ್ಲಿನಿಂದ ಮುಚ್ಚಿದ್ದರೆ, ಸರಳುಗಳ ಸುತ್ತ ಮಣ್ಣು ನಿಂತಿದ್ದರೆ, ಪೊಳ್ಳು ಮರಗಳು ಬಿದ್ದು ಮುಗಿದಿದ್ದರೆ ದಾರಿ ತೆರೆಯಬಹುದು. ಹಾಗಿಲ್ಲದಿದ್ದರೆ ಇನ್ನೊಂದು ಮಳೆಗಾಲ ಕಾಯಿರಿ, ಟೂರಿಸಂನವರು ಏನೇ ಹೇಳಲಿ.

ಡಿಸೆಂಬರ್ ಕೊನೆಯಿಂದ ಜನವರಿಯೊಳಗೆ ದಾರಿಯ ಎರಡೂ ಬದಿ ಎರಡೆರಡು ಮೀಟರ್ ಒಣಹುಲ್ಲು ಸವರಿ, ಸವರಿದ್ದನ್ನು ಅಲ್ಲೇ ಸುಡದೆ ಕೆಳಗೆ ಹಟ್ಟಿಗೋ ತೋಟಕ್ಕೋ ಹೊರಿಸಿ. ಆಗ ಕಾಲುದಾರಿಯೇ ಬೆಂಕಿ ರೇಖೆಯಾಗುತ್ತದೆ. ಗೇರು ತೋಟದವರ ಜೊತೆ ಬೀಜ ಬೀಳುವ ಮೊದಲೇ ಕೂತು ಮಾತಾಡಿ. ತರಗೆಲೆಯನ್ನು ಗುಡಿಸಿ ಮರದ ಬುಡಕ್ಕೆ ಮುಚ್ಚಿಗೆ ಹಾಕಿಕೊಂಡರೆ ಬೆಂಕಿಯೂ ಬೇಡ, ಗೊಬ್ಬರವೂ ಆಗುತ್ತದೆ. ಭಾರತೀಯ ಅರಣ್ಯ ಸಮೀಕ್ಷೆಯ ಬೆಂಕಿ ಎಚ್ಚರಿಕೆಯ ಎಸ್‌ಎಂಎಸ್‌ಗೆ ಸಮಿತಿಯ ಇಬ್ಬರ ನಂಬ್ರ ನೋಂದಾಯಿಸಿಡಿ. ಫೆಬ್ರವರಿ ಹುಟ್ಟುವ ಮೊದಲು ರೇಂಜ್ ಆಫೀಸು, ಅಗ್ನಿಶಾಮಕ ಠಾಣೆ ಮತ್ತು ಗುಡ್ಡೆಯ ಬುಡದ ಮನೆಗಳವರ ನಂಬ್ರಗಳನ್ನು ಒಂದೇ ಹಾಳೆಯಲ್ಲಿ ಬರೆದು, ದಾರಿ ಶುರುವಾಗುವಲ್ಲಿನ ಅಂಗಡಿಯ ಗೋಡೆಗೆ ಅಂಟಿಸಿ.